ಊದಬೇಡಿ

ದೊಡ್ಡವರು ಯಾರಾದರೂ ಬರುತ್ತಾರೆ ಎಂದರೆ ನಮ್ಮ ಕಾಂಪ್ಲೆಕ್ಸಿನವರ ಕೈ ಮೊದಲು ಹೋಗುವುದು ಪೊರಕೆಗೆ. ಬರುವವರು ಯಾರು, ಏನು ನೋಡಲು ಬರುತ್ತಿದ್ದಾರೆ ಎಂಬುದೆಲ್ಲ ಆಮೇಲಿನ ಮಾತು. ಇಲಾಖೆಯವರು ನಮ್ಮ ಅಂಗಡಿಗಳ ಧೂಳನ್ನು ಪರೀಕ್ಷೆ ಮಾಡಲು ಬರುತ್ತಾರೆ ಎಂದು ಗೊತ್ತಾದ ಸಂಜೆ ನಾವೆಲ್ಲ ಸೇರಿ ಆ ಧೂಳನ್ನೇ ಗುಡಿಸಿ ಎಸೆದೆವು. ಹೀಗೆ ಹೇಳಿದರೆ ನಿಮಗೆ ನಗು ಬರಬಹುದು. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮ ಕಾಂಪ್ಲೆಕ್ಸಿನ ಬೆನ್ನಿಗೇ ಸರಕಾರದ ಹಳೆಯ ಬಾಯ್ಲರ್ ಕಟ್ಟಡವೊಂದಿತ್ತು. ಅದರೊಳಗಿನ ಕೊಳವೆಗಳಿಗೆಲ್ಲ ಕಾವು ಆರದಿರಲೆಂದು ಕಲ್ನಾರಿನ ಪಟ್ಟಿ ಸುತ್ತಿದ್ದರು. ಕಲ್ನಾರು ಅಂದರೆ ಆಸ್‌ಬೆಸ್ಟಾಸ್. ಅದು ಸುಮ್ಮನಿದ್ದರೆ ಸುಮ್ಮನಿರುತ್ತದೆ, ಕೆದಕಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಾಗಿ ಗಾಳಿಗೇಳುತ್ತದೆ, ಉಸಿರಿನ ಜೊತೆ ಒಳಗೆ ಹೋದರೆ ಎದೆಯಲ್ಲೇ ಬಿಡಾರ ಹೂಡುತ್ತದೆ. ನೀರಿನಲ್ಲಿ ಚೆನ್ನಾಗಿ ನೆನೆಸಿ, ಜೋಪಾನವಾಗಿ ಬಿಚ್ಚಬೇಕಂತೆ. ಸರಕಾರದವರು ಗುತ್ತಿಗೆದಾರನಿಗೆ ಹಾಗೆಂದು ಹೇಳಿದರು. ಗುತ್ತಿಗೆದಾರ ಯಂತ್ರದವನಿಗೆ ಹೇಳಿದ. ಯಂತ್ರ ಯಾರ ಮಾತನ್ನೂ ಕೇಳಲಿಲ್ಲ. ಒಂದು ಬಿಂದಿಗೆ ನೀರೂ ಇಲ್ಲದೆ ಆ ಕಟ್ಟಡವನ್ನು ಕೆಡವಿ ಪುಡಿ ಮಾಡಿದರು. ಆ ಬೇಸಿಗೆಯಿಡೀ ನಮ್ಮ ಹಿಂದಿನ ಕಿಟಕಿಗಳಿಂದ ಬೆಳಕಿನ ಜೊತೆ ಧೂಳೂ ಒಳಗೆ ಬಂತು.

ಆಮೇಲೆ ಯಾರೋ ದೂರು ಕೊಟ್ಟರು. ಇಲಾಖೆಯವರು ಬಂದು ಅಂಗಡಿಗಳ ಮುಂದಿನ ಓಡಾಡುವ ಜಾಗ ಪರೀಕ್ಷಿಸಿದರು. ಕಲ್ನಾರು ಸಿಕ್ಕಿತು. ಹಳದಿ ಪಟ್ಟಿ ಕಟ್ಟಿ, ತೊಳೆಸಿ, ತಾವೇ ತೆಗೆಸಿದರು. ಅದೆಲ್ಲ ಸರಿ. ಆದರೆ ನಮ್ಮ ಅಂಗಡಿಯೊಳಗಿನ ಗತಿ ಏನು ಎಂದು ಕೇಳಿದಾಗ ಅಧಿಕಾರಿ ಶಟರು ಇಳಿಯುವ ಗೆರೆಯನ್ನು ಬೂಟಿನ ತುದಿಯಿಂದ ತೋರಿಸಿದರು.

"ಇದರಿಂದ ಈಚೆಗೆ ಸಾರ್ವಜನಿಕ ಜಾಗ, ನಮ್ಮ ಜವಾಬ್ದಾರಿ. ಆಚೆಗೆ ಖಾಸಗಿ ಆಸ್ತಿ, ನಿಮ್ಮ ಜವಾಬ್ದಾರಿ."

"ಧೂಳು ಇಲ್ಲಿಗೆ ಬಂದು ನಿಂತ್ಕೊಂಡು, ಒಳಗೆ ಬರ್ಲಾ ಅಂತ ಕೇಳ್ತಾ ಸಾರ್?" ಎಂದೆ.

ನಮ್ಮವರು, ಅಂದರೆ ನನ್ನ ಯಜಮಾನರು, ಹಿಂದಿನಿಂದ ನನ್ನ ಸೆರಗು ಜಗ್ಗಿದರು. ಅಧಿಕಾರಿಗೆ ಕೋಪವೇನೂ ಬರಲಿಲ್ಲ. ಕೆಟ್ಟ ಮನುಷ್ಯನಲ್ಲ ಆತ. ತನ್ನ ಗೆರೆ ಬಿಟ್ಟು ಅತ್ತಿತ್ತ ಸರಿಯದವನು, ಅಷ್ಟೇ. ನಿಯಮವನ್ನು ನಿಧಾನವಾಗಿ ಬಿಡಿಸಿ ಹೇಳಿದರು. ಪ್ರಯೋಗಾಲಯದವರು ಬಂದು ಒಳಗಿನ ಧೂಳಿನ ಮಾದರಿ ತೆಗೆಯುತ್ತಾರೆ. ಒಂದೇ ಒಂದು ಅಂಗಡಿಯಲ್ಲಿ ಬಾಯ್ಲರ್ ಕಟ್ಟಡದ ಕಲ್ನಾರು ಸಿಕ್ಕರೂ ತಪ್ಪು ಸರಕಾರದ್ದು, ಇಡೀ ಕಾಂಪ್ಲೆಕ್ಸನ್ನು ಸರಕಾರವೇ ಶುದ್ಧ ಮಾಡಿಸಿಕೊಡುತ್ತದೆ. ಸಿಗದಿದ್ದರೆ, ಹೊರಗೆ ಸಿಕ್ಕಿದ್ದು ಒಳಗೂ ಇರಬಹುದೆಂಬ ಅನುಮಾನ ಉಳಿಯುವುದರಿಂದ, ಅಂಗಡಿಗಳಿಗೆ ಬೀಗ. ಮಾಲೀಕರೇ ಪರವಾನಗಿ ಇರುವ ಕಂಪನಿಯನ್ನು ಕರೆಸಿ, ತೊಳೆಸಿ, ಪ್ರಮಾಣಪತ್ರ ತಂದ ಮೇಲೆ ಬೀಗ ತೆಗೆಯಲಾಗುತ್ತದೆ. ಅಂಥ ಕಂಪನಿಯ ನೆರಳನ್ನು ಕರೆಸುವ ಯೋಗ್ಯತೆಯೂ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಬೀಗ ಬಿದ್ದರೆ ಬಿದ್ದಂತೆಯೇ.

ಇಷ್ಟು ಕೇಳಿಸಿಕೊಂಡ ಮೇಲೂ ಗುಡಿಸಿದಿರಾ ಎಂದರೆ, ಹೌದು, ಗುಡಿಸಿದೆವು. ಚಪ್ಪಲಿ ಅಂಗಡಿಯವರು ನಮ್ಮ ಸಂಘದ ಅಧ್ಯಕ್ಷರು. ಅವರಿಗೆ ನಿಯಮದಲ್ಲಿ ಕಿವಿಗೆ ಬಿದ್ದದ್ದು 'ಬೀಗ' ಎಂಬ ಒಂದೇ ಮಾತು.

"ಒಳಗೆ ಬಂದವರಿಗೆ ಕಣ್ಣು ಕೋರೈಸಬೇಕು," ಎಂದರು. "ಕನ್ನಡಿ ಥರ ಇಟ್ಟಿರೋ ಅಂಗಡಿಗೆ ಯಾವ ಮುಖ ಇಟ್ಕೊಂಡು ಬೀಗ ಹಾಕ್ತಾರೆ, ನೋಡೇಬಿಡೋಣ."

ಎಲ್ಲರಿಗೂ ಸರಿ ಎನಿಸಿತು. ನನಗೂ ಸರಿ ಎನಿಸಿತು. ಇಷ್ಟು ವರ್ಷ ತೂಕದ ಇಲಾಖೆ, ತೆರಿಗೆ ಇಲಾಖೆ, ಅಗ್ನಿಶಾಮಕದವರು ಯಾರು ಬಂದಾಗಲೂ ನಮ್ಮನ್ನು ಕಾಪಾಡಿದ್ದು ಇದೇ ಪೊರಕೆ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಗೋಡೆ, ಅಟ್ಟ, ಫ್ಯಾನಿನ ರೆಕ್ಕೆ, ಬಲ್ಬಿನ ತಲೆ ಒಂದನ್ನೂ ಬಿಡದೆ ಝಾಡಿಸಿ ಸೋಪಿನ ನೀರಲ್ಲಿ ಉಜ್ಜಿದೆವು. ಕೆಲಸ ಮುಗಿದಾಗ ಎಲ್ಲರ ತಲೆಯೂ ನರೆತಂತಾಗಿತ್ತು. ಒಬ್ಬರನ್ನೊಬ್ಬರು ನೋಡಿ ನಕ್ಕೆವು.

ನಮ್ಮದು ಹೊಲಿಗೆ ಅಂಗಡಿ. ಮುಂದೆ ನನ್ನ ಮೆಷಿನ್ನು, ಹಿಂದೆ ಕಿಟಕಿಯ ಕೆಳಗೆ ನಮ್ಮವರ ಕತ್ತರಿಸುವ ಮೇಜು. ಊರಿಗೆಲ್ಲ ಅವರು 'ಮಾಸ್ಟ್ರು'. ಮೇಜಿನ ಮೇಲೆ, ಕಿಟಕಿಗೆ ಅಡ್ಡಲಾಗಿ ಒಂದು ತಂತಿ ಎಳೆದು, ಅದರ ತುಂಬ ಕಂದು ಕಾಗದದ ಪೇಪರ್ ಕಟಿಂಗು ನೇತುಹಾಕಿದ್ದರು. ಒಬ್ಬೊಬ್ಬ ಗಿರಾಕಿಗೂ ಒಂದೊಂದು. ಬೆನ್ನು, ತೋಳು, ಕೊರಳು ಎಲ್ಲ ಅದರಲ್ಲಿ ಅಳತೆಗೆ ಸರಿಯಾಗಿ ಕತ್ತರಿಸಿ ಇಟ್ಟಿರುತ್ತದೆ. ಬಟ್ಟೆ ಬಂದಾಗ ಕಾಗದ ಇಳಿಸಿ, ಮೇಲಿಟ್ಟು, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದರೆ ಮುಗಿಯಿತು. ತೀರಿಕೊಂಡ ಗಿರಾಕಿಗಳ ಕಾಗದವೂ ಅಲ್ಲೇ ತೂಗುತ್ತಿತ್ತು. ಅವರ ಮಗ ದೊಡ್ಡವನಾದರೆ ಅದೇ ಭುಜ ಬಂದರೂ ಬರಬಹುದು ಎಂಬುದು ನಮ್ಮವರ ವಾದ. ಆ ತಂತಿಯ ಹತ್ತಿರ ನನ್ನ ಪೊರಕೆ ಸುಳಿಯುವಂತಿರಲಿಲ್ಲ. ಮದುವೆಯಾದಾಗಿನಿಂದ ನಮ್ಮ ಜಗಳಗಳಲ್ಲಿ ಅರ್ಧ ಆ ತಂತಿಯದ್ದು.

ಅವತ್ತೂ ಆಯಿತು.

"ಮುಟ್ಟಿದ್ರೆ ಹರಿಯುತ್ತೆ ಕಣೇ. ಬೇಕಾದ್ರೆ ನನ್ನನ್ನ ಉಜ್ಜಿ ತೊಳಿ, ಅದನ್ನ ಬಿಡು."

"ನಿಮ್ಮನ್ನ ತೊಳೆಯೋಕೆ ಸೋಪು ಸಾಲಲ್ಲ," ಎಂದು ಬೈದು, ಹಳೆಯ ಹೊದಿಕೆಯೊಂದನ್ನು ತಂತಿಯ ಮುಂದೆ ಪರದೆಯಂತೆ ಇಳಿಬಿಟ್ಟೆ. ಅಧಿಕಾರಿಗಳ ಕಣ್ಣಿಗೆ ಆ ಗಲೀಜು ಬೀಳದಿದ್ದರೆ ಸಾಕಾಗಿತ್ತು ನನಗೆ.

ಮರುದಿನ ಬೆಳಿಗ್ಗೆ ಅಧಿಕಾರಿ ಬಂದರು, ಜೊತೆಗೆ ಪ್ರಯೋಗಾಲಯದ ಮೇಡಂ. ಆಕೆಯ ಮುಖಕ್ಕೆ ದಪ್ಪನೆಯ ಮುಖಗವಸು, ಕೈಯಲ್ಲಿ ಪೆಟ್ಟಿಗೆ. ಪೆಟ್ಟಿಗೆಯಲ್ಲಿದ್ದ ಅಂಟುಪಟ್ಟಿಯನ್ನು ಧೂಳಿನ ಮೇಲೆ ಒತ್ತಿ ತೆಗೆದು ಮಾದರಿ ಮಾಡಿಕೊಳ್ಳುವುದು ಆಕೆಯ ಕೆಲಸ. ಮೊದಲ ಅಂಗಡಿಗೆ ಹೋದರು. ಪಟ್ಟಿ ಒತ್ತಿದರು, ಬೆಳಕಿಗೆ ಹಿಡಿದರು. ಗಾಜಿನಂತೆ ಖಾಲಿ. ಎರಡನೆಯದರಲ್ಲೂ ಹಾಗೇ. ಅಧ್ಯಕ್ಷರು ಹಿಂದೆ ಹಿಂದೆ ಎದೆ ಉಬ್ಬಿಸಿಕೊಂಡು ನಡೆದರು. ಮೂರನೆಯ ಅಂಗಡಿಯಲ್ಲಿ ಮೇಡಂ ಬೆರಳನ್ನು ಕಪಾಟಿನ ನೆತ್ತಿಯ ಮೇಲೆ ಎಳೆದು ನೋಡಿಕೊಂಡು, ತಿರುಗಿ ನಿಂತರು.

"ಯಾವಾಗ ಕ್ಲೀನ್ ಮಾಡಿದ್ರಿ?"

"ನಿನ್ನೆ ಮೇಡಂ! ಎಲ್ಲಾ ಸೇರಿ! ಒಂದು ಕಣ ಸಿಕ್ಕಿದ್ರೆ ಕೇಳಿ," ಎಂದರು ಅಧ್ಯಕ್ಷರು.

"ಅಯ್ಯೋ," ಎಂದರು ಮೇಡಂ. ನಾಟಕದ ಅಯ್ಯೋ ಅಲ್ಲ ಅದು. ಆಮೇಲೆ ಅಧಿಕಾರಿಯ ಕಡೆ ತಿರುಗಿ, "ಮುಟ್ಟಬೇಡಿ ಅಂತ ಇವರಿಗೆ ಯಾರೂ ಹೇಳಿಲ್ವಾ?" ಎಂದರು.

"ತಿಳುವಳಿಕೆ ಕೊಡೋದು ಬೇರೆ ವಿಭಾಗ," ಎಂದರು ಅಧಿಕಾರಿ.

ಒಂದೊಂದೇ ಅಂಗಡಿ ದಾಟಿದಂತೆ ಅಧ್ಯಕ್ಷರ ಎದೆ ಇಳಿಯುತ್ತಾ ಬಂತು. ಅಧಿಕಾರಿ ಪ್ರತಿ ಬಾಗಿಲಲ್ಲೂ ಒಂದೇ ಸಾಲು ಬರೆದುಕೊಳ್ಳುತ್ತಿದ್ದರು: ಮಾದರಿ ಲಭ್ಯವಿಲ್ಲ. ಕೊನೆಗೆ ಉಳಿದದ್ದು ನಮ್ಮದು, ಮೂಲೆಯ ಅಂಗಡಿ. ಅಷ್ಟರಲ್ಲಿ ಇಡೀ ಕಾಂಪ್ಲೆಕ್ಸು ನಮ್ಮ ಬಾಗಿಲಿಗೆ ಬಂದು ನಿಂತಿತ್ತು.

ಮೇಡಂ ನನ್ನ ಮೆಷಿನ್ನಿನ ಮೇಲೆ ಪಟ್ಟಿ ಒತ್ತಿದರು. ಏನಿಲ್ಲ. ಗೋಡೆಗೆ ಒತ್ತಿದರು. ಏನಿಲ್ಲ. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು.

"ಸಾರ್, ಸ್ವಲ್ಪ ತಡೀರಿ ಸಾರ್," ಎಂದರು ಅಧ್ಯಕ್ಷರು. "ಧೂಳಿಲ್ಲ ಅಂದ್ರೆ ಒಳ್ಳೇದೇ ಅಲ್ವಾ ಸಾರ್? ಅಂಗಡಿ ಶುದ್ಧವಾಗಿದೆ ಅಂತ ಬರ್ಕೊಳ್ಳಿ."

"ಶುದ್ಧವಾಗಿದೆ ಅನ್ನೋಕೆ ಪ್ರಮಾಣಪತ್ರ ಬೇಕು. ಅಶುದ್ಧವಾಗಿದೆ ಅನ್ನೋಕೆ ಮಾದರಿ ಬೇಕು. ನಿಮ್ಮ ಹತ್ರ ಎರಡೂ ಇಲ್ಲ," ಎಂದರು ಅಧಿಕಾರಿ.

ಮೇಡಂ ಮುಖಗವಸಿನೊಳಗಿಂದಲೇ ಬೇಡಿಕೊಳ್ಳುವಂತೆ ಕೇಳಿದರು. "ಯಾರಾದ್ರೂ ಸರಿ, ನಾಚ್ಕೋಬೇಡಿ. ಪೊರಕೆ ಬೀಳದ ಒಂದೇ ಒಂದು ಜಾಗ ಹೇಳಿ. ಈ ಬೇಸಿಗೆಯಿಂದ ಯಾರೂ ಮುಟ್ಟದೇ ಇರೋ ಧೂಳು. ಬೆಳ್ಳಗಿರುತ್ತೆ, ನಯವಾಗಿರುತ್ತೆ. ಸೀಮೆಸುಣ್ಣದ ಪುಡಿ ಥರಾನೇ. ಪಕ್ಕದಲ್ಲಿಟ್ರೆ ಯಾವುದು ಯಾವುದು ಅಂತ ನಂಗೂ ಬರಿಗಣ್ಣಿಗೆ ಗೊತ್ತಾಗಲ್ಲ."

ಸೀಮೆಸುಣ್ಣದ ಪುಡಿ ಎಂಬ ಮಾತು ಕೇಳಿದ್ದೇ ನನ್ನ ಕಣ್ಣು ಹೊದಿಕೆಯ ಕಡೆ ಹೋಯಿತು.

ಆ ಬೇಸಿಗೆಯಲ್ಲಿ ನಮ್ಮವರ ಮೇಜಿನ ಮೇಲೆ ಎಂದಿಗಿಂತ ಹೆಚ್ಚು ಬಿಳಿ ಪುಡಿ ಬೀಳುತ್ತಿತ್ತು. "ಗೆರೆ ಎಳೀತೀರೋ, ಅಂಗಡಿಗೆ ಸುಣ್ಣ ಬಳೀತೀರೋ?" ಎಂದು ನಾನು ದಿನವೂ ರೇಗಿಸುತ್ತಿದ್ದೆ. ನಮ್ಮವರು ಕಾಗದ ಇಳಿಸಿದ ಕೂಡಲೇ ಮಾಡುವ ಮೊದಲ ಕೆಲಸ, ಅದನ್ನು ಮುಖದ ಹತ್ತಿರ ಹಿಡಿದು ಉಫ್ ಎಂದು ಊದುವುದು. ಗೆರೆ ಎಳೆದ ಮೇಲೆ ಮತ್ತೆ ಬಗ್ಗಿ ಊದುವುದು. ಊದುವುದಕ್ಕೆ ಮುಂಚೆ ಎದೆ ತುಂಬ ಉಸಿರೆಳೆದುಕೊಳ್ಳುವುದು. ಒರೆಸಿದರೆ ಗೆರೆ ಅಳಿಸಿಹೋಗುತ್ತದೆ, ಊದಿದರೆ ಪುಡಿ ಮಾತ್ರ ಹೋಗುತ್ತದೆ. ಅವರ ಅಪ್ಪ ಹಾಗೆ ಕಲಿಸಿದ್ದು, ಎಲ್ಲ ದರ್ಜಿಗಳೂ ಮಾಡುವುದು ಹಾಗೇ. ಆ ಕಿಟಕಿಯ ಕೆಳಗೆ, ಆ ತಂತಿಯ ಕೆಳಗೆ, ಬೇಸಿಗೆಯಿಡೀ.

ಹೊದಿಕೆಯ ಮುಂದೆ ನಾನು ಗೋಡೆಯಂತೆ ನಿಂತುಬಿಟ್ಟೆ. ನನ್ನ ತಲೆಯಲ್ಲಿದ್ದದ್ದು ಒಂದೇ: ಇದರ ಹಿಂದೆ ಏನಿದೆ ಎಂದು ಯಾರಿಗೂ ಗೊತ್ತಾಗಬಾರದು. ಗೊತ್ತಾಗದಿದ್ದರೆ ಅದು ಬರೀ ಸೀಮೆಸುಣ್ಣ. ಬೀಗ ಬಿದ್ದರೆ ಬೀಳಲಿ, ಅಂಗಡಿ ಹೋದರೆ ಹೋಗಲಿ, ಮನೆಯಲ್ಲೇ ಕೂತು ಹೊಲಿಯೋಣ. ಬಾಗಿಲಲ್ಲಿ ನಿಂತವರ ಹೊಟ್ಟೆಪಾಡಿನ ಪ್ರಶ್ನೆ ಇದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಆ ಗಳಿಗೆಯಲ್ಲಿ ನನಗೆ ಅವರ್ಯಾರೂ ಬೇಕಿರಲಿಲ್ಲ.

"ಏನೂ ಇಲ್ವಾ?" ಎಂದರು ಅಧಿಕಾರಿ. ಪೆನ್ನು ಕಾಗದ ಮುಟ್ಟಿತು.

"ಇದೆಯಲ್ಲ ಸಾರ್!"

ನಮ್ಮವರ ದನಿ. ನೋಡುತ್ತೇನೆ, ಮುಖವೆಲ್ಲ ನಗು. ಇಷ್ಟು ವರ್ಷ ಬೈಸಿಕೊಂಡ ಮನುಷ್ಯನಿಗೆ ಒಮ್ಮೆಲೇ ಗೆದ್ದ ಖುಷಿ. "ನಮ್ಮ ಮನೆಯವಳು ಅಡಗಿಸಿಟ್ಟಿದಾಳೆ. ಏ, ಸರ್ಕೊಳ್ಳೇ ಆ ಕಡೆ. ನನ್ನ ಗಲೀಜಿಗೂ ಒಂದು ಕಾಲ ಬಂತು ನೋಡು."

"ರೀ, ಬೇಡ," ಎಂದೆ.

"ಎಲ್ಲರ ಅಂಗಡಿ ಉಳಿಯೋ ಮಾತು ಕಣೇ. ನಿಂಗೆ ಮರ್ಯಾದೆ ಚಿಂತೆ."

"ಮರ್ಯಾದೆ ಅಲ್ಲ. ದಮ್ಮಯ್ಯ ಅಂತೀನಿ, ಬೇಡ ರೀ."

ಹೆಂಡತಿ ನಾಚಿಕೊಂಡಿದ್ದಾಳೆ ಎಂದೇ ಅವರು ತಿಳಿದರು. ಭುಜ ಹಿಡಿದು ನನ್ನನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದರು, ಹೊದಿಕೆ ಎತ್ತಿದರು. ಬಾಗಿಲಲ್ಲಿ ನಿಂತವರು ಹೋ ಎಂದರು. ಕಾಗದಗಳ ಮೇಲಂಚಿನಲ್ಲೆಲ್ಲ ಬೆಳ್ಳಗೆ, ಬೆರಳಿನಿಂದ ಹೆಸರು ಬರೆಯಬಹುದಾದಷ್ಟು ಧೂಳು. ಅಧ್ಯಕ್ಷರು ಕಣ್ಣೊರೆಸಿಕೊಂಡು, "ಮಾಸ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದರು. ಮೇಡಂ ಪೆಟ್ಟಿಗೆ ತೆರೆಯಲು ಬಗ್ಗಿದರು. ಅಷ್ಟರಲ್ಲಿ ನಮ್ಮವರು ಮೇಡಂಗೆ ಸುಲಭವಾಗಲೆಂದು ತಾವೇ ಕೈ ಚಾಚಿ ಒಂದು ಕಾಗದ ಇಳಿಸಿದರು. ಇಳಿಸಿದವರು, ದಿನವೂ ಮಾಡುವಂತೆ, ಅದನ್ನು ಮುಖದ ಹತ್ತಿರ ತಂದು, ಎದೆ ತುಂಬ ಉಸಿರೆಳೆದುಕೊಂಡು, ತುಟಿ ದುಂಡಗೆ ಮಾಡಿದರು.

"ಊದಬೇಡಿ!" ಎಂದು ಮೇಡಂ ಕಿರುಚಿದರು.

ಅದಕ್ಕೆ ಮೊದಲೇ ನನ್ನ ಅಂಗೈ ನಮ್ಮವರ ಬಾಯಿಯ ಮೇಲಿತ್ತು. ಗಟ್ಟಿಯಾಗಿ ಒತ್ತಿ ಹಿಡಿದಿದ್ದೆ. ಅವರ ಉಸಿರು ನನ್ನ ಕೈಗೆ ಬಿಸಿಯಾಗಿ ತಾಕುತ್ತಿತ್ತು.

ಮೇಡಂ ಕಾಗದವನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿ ಚೀಲಕ್ಕಿಳಿಸಿ, ಚೀಲದ ಬಾಯಿ ಕಟ್ಟಿದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು, "ಮಾಸ್ಟ್ರೇ, ಯಾವಾಗ್ಲೂ ಹೀಗೇ ಊದ್ತೀರಾ?"

ನಾನು ಕೈ ತೆಗೆದೆ.

"ಊದದೆ ಇನ್ನೇನು ಮೇಡಂ? ನಮ್ಮ ಕಸುಬೇ ಹಾಗೆ. ದಿನಾ..." ಎಂದರು ನಮ್ಮವರು. ಅಲ್ಲಿಗೆ ನಿಲ್ಲಿಸಿದರು. ನನ್ನ ಮುಖ ನೋಡಿದರು, ತಂತಿ ನೋಡಿದರು, ಆಮೇಲೆ ಕಿಟಕಿ. ನಾನು ಏಕೆ ಅಡ್ಡ ನಿಂತಿದ್ದೆ ಎಂಬುದು ಆಗ ಅವರಿಗೆ ತಿಳಿಯಿತು. ಬಾಗಿಲಲ್ಲಿ ಒಬ್ಬರೂ ಕೆಮ್ಮಲಿಲ್ಲ, ಕೆಮ್ಮಲು ಹೆದರಿದಂತೆ ನಿಂತಿದ್ದರು.

ಫಲಿತಾಂಶ ಬರುವವರೆಗಿನ ದಿನಗಳನ್ನು ನನ್ನ ಶತ್ರುವಿಗೂ ಬಯಸುವುದಿಲ್ಲ. ಕಾಂಪ್ಲೆಕ್ಸಿನವರೆಲ್ಲ ಆ ಕಾಗದದಲ್ಲಿ ಕಲ್ನಾರು ಸಿಗಲಿ ಎಂದು ಕಾಯುತ್ತಿದ್ದರು. ದಾರಿಯಲ್ಲಿ ಸಿಕ್ಕವರು, "ಖಂಡಿತ ಸಿಗುತ್ತೆ ಅಕ್ಕಾ, ಧೈರ್ಯವಾಗಿರಿ," ಎನ್ನುತ್ತಿದ್ದರು. ಹಾಗೆಂದ ಮೇಲೆ ತಾವು ಅಂದದ್ದೇನೆಂದು ಹೊಳೆದು, ನೆಲ ನೋಡಿಕೊಂಡು ಹೋಗುತ್ತಿದ್ದರು. ಸಿಗಬಾರದು, ಅದು ಬರೀ ಸೀಮೆಸುಣ್ಣವಾಗಿರಲಿ ಎಂದು ಬೇಡಿಕೊಂಡವಳು ನಾನೊಬ್ಬಳೇ. ನಮ್ಮವರು ಏನು ಬೇಡಿಕೊಂಡರೋ ನನಗೆ ಗೊತ್ತಿಲ್ಲ, ಕೇಳುವ ಧೈರ್ಯವಾಗಲಿಲ್ಲ.

ಸಿಕ್ಕಿತು. ಬಾಯ್ಲರ್ ಕೊಳವೆಯ ಪಟ್ಟಿಯಲ್ಲಿದ್ದದ್ದೇ, ಅದೇ ಬಗೆ, ಅದೇ ಬಣ್ಣ. ಸರಕಾರ ತಪ್ಪೊಪ್ಪಿಕೊಂಡಿತು. ಇಡೀ ಕಾಂಪ್ಲೆಕ್ಸನ್ನು ತಾನೇ ಶುದ್ಧಗೊಳಿಸುವ ಆದೇಶ ಹೊರಡಿಸಿತು. ಅಧ್ಯಕ್ಷರು ಎಲ್ಲರಿಗೂ ಚಹಾ ತರಿಸಿದರು. ನಮ್ಮವರನ್ನು ಕುರ್ಚಿಯ ಮೇಲೆ ಕೂರಿಸಿದರು. ಚಹಾ ಕೊಟ್ಟವರು ಅವರ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು, ಕಾಯಿಲೆಯವರಿಗೆ ಕೊಡುವ ಹಾಗೆ. ನನಗೆ ಸಿಟ್ಟು ನೆತ್ತಿಗೇರಿತು. ಲೋಟ ಮುಟ್ಟದೆ ಎದ್ದು ಹೊರಗೆ ಬಂದೆ.

ವರದಿ ತಂದಿದ್ದ ಮೇಡಂ ಅಲ್ಲೇ ಇದ್ದರು. ತಡೆಯಲಾರದೆ ಕೇಳಿದೆ.

"ನಿಜ ಹೇಳಿ ಮೇಡಂ. ಇವರಿಗೆ ಏನಾಗುತ್ತೆ?"

"ಈಗ ಎದೆ ಎಕ್ಸ್‌ರೇ ತೆಗೆಸಿದ್ರೆ ಏನೂ ಕಾಣಲ್ಲಮ್ಮ. ಇದು ಹೊರಗೆ ಬರೋಕೆ ಹತ್ತಾರು ವರ್ಷ ತಗೊಳ್ಳುತ್ತೆ. ಬರದೇನೂ ಇರಬಹುದು. ಯಾರಿಗೂ ಹೇಳೋಕಾಗಲ್ಲ."

ನಮ್ಮವರು ಹಿಂದೆಯೇ ಬಂದು ನಿಂತಿದ್ದು ನನಗೆ ಗೊತ್ತಿರಲಿಲ್ಲ. "ಹತ್ತಾರು ವರ್ಷಾನಾ?" ಎಂದರು. "ಹಾಗಾದ್ರೆ ಅಲ್ಲೀವರೆಗೆ ಸರಕಾರಿ ಗ್ಯಾರಂಟಿ ಅಂದ ಹಾಗಾಯ್ತು." ಮೇಡಂ ನಗಲಿಲ್ಲ. ನಾನಂತೂ ಅತ್ತೆ, ಓಣಿಯ ನಡುವೆ ನಿಂತು, ಯಾರು ನೋಡಿದರೆ ನನಗೇನು ಎಂದು ಅತ್ತೆ.

ಶುದ್ಧ ಮಾಡುವವರು ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಟ್ಟು ಬಂದರು. ಪ್ರತಿ ಅಂಗಡಿಯನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನೀರು ಚಿಮುಕಿಸಿ, ಇಂಚಿಂಚೂ ಹೀರಿ ತೆಗೆದರು. ಮಾಡಿದ ಕೆಲಸಕ್ಕೆ ಹೆಸರಿಡುವಂತಿಲ್ಲ. ನಮ್ಮವರ ತಂತಿಯಲ್ಲಿದ್ದ ಕಾಗದಗಳನ್ನೆಲ್ಲ ನೆನೆಸಿ, ಮಡಚಿ, ಒಂದರೊಳಗೊಂದು ಎರಡು ಚೀಲಕ್ಕೆ ತುಂಬಿ ಒಯ್ದರು. ಹಳದಿ ಪಟ್ಟಿಯ ಆಚೆ ನಿಂತು ನೋಡುತ್ತಿದ್ದ ನಮ್ಮವರು, "ಊರಿನ ಅರ್ಧ ಜನರ ಭುಜ ಅದರಲ್ಲಿದೆ," ಎಂದರು. ಅಧಿಕಾರಿ 'ಹಳೆಯ ಕಾಗದ' ಎಂದು ಬರೆದುಕೊಂಡರು.

ಅಂಗಡಿಗಳನ್ನು ಮತ್ತೆ ತೆರೆದ ದಿನ ಅಧಿಕಾರಿಯೇ ಬಂದು ಮುಂಬಾಗಿಲ ಕಂಬಕ್ಕೆ ಪ್ರಮಾಣಪತ್ರ ಅಂಟಿಸಿದರು. ಗೋಡೆ, ಚಾವಣಿ, ನೆಲ, ಗಾಳಿ, ಪೀಠೋಪಕರಣ, ಸಮಸ್ತವೂ ಶುದ್ಧ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ನಾನು ಮುಂದೆ ಹೋದೆ. ಈ ಸಲ ನಮ್ಮವರು ಸೆರಗು ಜಗ್ಗಲಿಲ್ಲ.

"ಸಾರ್, ಗೋಡೆದು ಬರೆದಿದೀರಿ, ನೆಲದ್ದು ಬರೆದಿದೀರಿ. ಒಳಗಿದ್ದ ಮನುಷ್ಯರದ್ದು ಎಲ್ಲಿದೆ?"

ಅಧಿಕಾರಿ ಪತ್ರವನ್ನು ಮತ್ತೊಮ್ಮೆ ಓದಿದರು, ಅಲ್ಲಿ ಇರಬಹುದೇನೋ ಎಂಬಂತೆ. "ಆದೇಶ ಆಸ್ತಿಗೆ ಸಂಬಂಧಪಟ್ಟಿದ್ದಮ್ಮ," ಎಂದರು. ನನ್ನ ಕಣ್ಣು ತಪ್ಪಿಸಿ ಮೆಲ್ಲಗೆ ಸೇರಿಸಿದರು, "ಆರೋಗ್ಯ ಬೇರೆ ಇಲಾಖೆ."

"ಸರಿ ಬಿಡಿ. ಆ ಇಲಾಖೆ ಬಾಗಿಲು ಯಾವ ಕಡೆ ಅಂತ ಹೇಳಿ. ನಾಳೆಯಿಂದ ಅಲ್ಲಿಗೂ ಹೋಗ್ತೀನಿ. ನನ್ನ ಬಾಯಿ ಎಂಥದು ಅಂತ ನಿಮಗೆ ಗೊತ್ತಲ್ಲ."

ಅವರು ವಿಳಾಸ ಹೇಳಿದರು. ಬಾಯಲ್ಲಿ ಹೇಳಿ ಸುಮ್ಮನಾಗದೆ ತಮ್ಮ ಪೆನ್ನಿನಲ್ಲೇ ನನ್ನ ಅಂಗೈ ಮೇಲೆ ಬರೆದುಕೊಟ್ಟರು. ಅಷ್ಟು ಮಾಡಿದ್ದು ಅವರ ಗೆರೆಯಿಂದ ಆಚೆಗೇ ಇರಬೇಕು.

ಒಳಗೆ ಬಂದಾಗ ಮೊದಲ ಗಿರಾಕಿಯಾಗಿ ಅಧ್ಯಕ್ಷರೇ ಅಂಗಿಯ ಬಟ್ಟೆ ಹಿಡಿದು ನಿಂತಿದ್ದರು. ತಂತಿ ಬೋಳಾಗಿತ್ತು. ನಮ್ಮವರು ಅವರ ಅಳತೆಯನ್ನು ಹೊಸದಾಗಿ ತೆಗೆದು, ಹೊಸ ಕಾಗದ ಕತ್ತರಿಸಿ, ಬಟ್ಟೆಯ ಮೇಲಿಟ್ಟು, ಭುಜದ ಸುತ್ತ ಸೀಮೆಸುಣ್ಣದ ಗೆರೆ ಎಳೆದರು. ಗೆರೆಯ ಪಕ್ಕ ಬಿಳಿ ಪುಡಿ ಉದುರಿತು. ಅವರು ಬಗ್ಗಿದರು, ಉಸಿರೆಳೆದುಕೊಂಡರು, ತುಟಿ ದುಂಡಗಾಯಿತು.

ಅಲ್ಲೇ ನಿಂತುಬಿಟ್ಟರು. ಅಧ್ಯಕ್ಷರೂ ನಾನೂ ಉಸಿರು ಬಿಗಿಹಿಡಿದು ಅವರನ್ನೇ ನೋಡುತ್ತಿದ್ದೆವು.

"ಇದು ಬರೀ ಸೀಮೆಸುಣ್ಣ ಕಣೇ," ಎಂದರು ನಮ್ಮವರು. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಒದ್ದೆ ಬಟ್ಟೆ ತಂದುಕೊಟ್ಟೆ. ಅವರು ಮೆಲ್ಲಗೆ ಒರೆಸಿದರು. ಪುಡಿಯ ಜೊತೆ ಗೆರೆಯೂ ಹೋಯಿತು. ಅಧ್ಯಕ್ಷರು, "ಅರ್ಜೆಂಟಿಲ್ಲ ಮಾಸ್ಟ್ರೇ," ಎಂದರು. ಅಂಗಿಯ ಬಟ್ಟೆ ಒಣಗುವವರೆಗೆ ಮೂವರೂ ಕಾದೆವು. ಆಮೇಲೆ ನಮ್ಮವರು ಸೀಮೆಸುಣ್ಣ ಕೈಗೆತ್ತಿಕೊಂಡು, ಅದೇ ಭುಜವನ್ನು ಮೊದಲಿನಿಂದ ಬರೆಯತೊಡಗಿದರು.